ಮುಚ್ಚಳಿಕೆಯಲ್ಲಿ ಬರೆಯದ ಮಾತು

ಅವರು ತೀರಿಕೊಂಡದ್ದು ಸೊರಬದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಹಗಲು ಹನ್ನೊಂದು ಗಂಟೆಗೆ. ಚಂದ್ರಗುತ್ತಿ ಕಡೆಯ ಒಬ್ಬ ಹೆಂಗಸನ್ನು ಆಸ್ಪತ್ರೆಗೆ ತೋರಿಸಿಕೊಂಡು ಶಿಕಾರಿಪುರಕ್ಕೆ ಕರೆತರುತ್ತಿದ್ದರಂತೆ. ಚೀಲ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ತಲೆ ಆನಿಸಿದರಂತೆ. ಮೇಡಂಗೆ ನಿದ್ದೆ ಹತ್ತಿದೆ, ಎಬ್ಬಿಸುವುದು ಬೇಡವೆಂದು ಆ ಹೆಂಗಸು ಶಿಕಾರಿಪುರದ ಎರಡು ಬಸ್ಸು ಬಿಟ್ಟಳು. ಮೂರನೆಯದು ಬಂದಾಗ ಭುಜ ಮುಟ್ಟಿ ನೋಡಿದಳು.

ಸುದ್ದಿ ಬಂದಾಗ ನಾನು ಯಾರದೋ ಪಹಣಿ ತಿದ್ದುಪಡಿಯ ಅರ್ಜಿ ಟೈಪ್ ಮಾಡುತ್ತಿದ್ದೆ. ಫೋನು ಇಟ್ಟವನಿಗೆ ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ತಿಳಿಯಲಿಲ್ಲ. ಎದುರಿಗೆ ಕೂತಿದ್ದ ರೈತರೇ ಸರ್ವೆ ನಂಬರು ಹೇಳಿ ಮುಂದಕ್ಕೆ ಕರೆದುಕೊಂಡು ಹೋದರು. ಎರಡು ತಾಲ್ಲೂಕಿನ ಗಂಡಸರ ನಿದ್ದೆ ಕೆಡಿಸಿದ ಹೆಂಗಸು ಹೀಗೆ ಸದ್ದಿಲ್ಲದೆ ಎದ್ದು ಹೋಗುವುದೆಂದರೇನು? ವಾರ ಕಳೆಯಿತು, ನನಗಿನ್ನೂ ನಂಬಿಕೆ ಬಂದಿಲ್ಲ. ಅವರ ಹೆಸರು ಬರೆಯುವುದಿಲ್ಲ. ಪತ್ರಿಕೆಯವರು ಫೋಟೊ ಕೇಳಿದಾಗಲೆಲ್ಲ ಅವರು ಓಡಿಸುತ್ತಿದ್ದರು. ನನ್ನ ಮುಖ ಊರಿಗೆಲ್ಲ ಗೊತ್ತಾದರೆ ನನ್ನ ಪಕ್ಕದಲ್ಲಿ ನಡೆದು ಬರುವವಳ ಗುಟ್ಟು ಉಳಿಯುವುದಿಲ್ಲ ಎನ್ನುವುದು ಅವರ ವಾದವಾಗಿತ್ತು. ಸತ್ತ ಮೇಲೆ ನಾನು ಅದನ್ನು ಮುರಿಯುವುದು ಸರಿಯಲ್ಲ.

ಹೊಡೆತ ತಿಂದು, ಇರಿತ ತಿಂದು, ಬಾಯಿಬಿಟ್ಟು ಹೇಳಲಾಗದ್ದನ್ನು ಅನುಭವಿಸಿ ಬಂದ ಹೆಂಗಸರಿಗೆ ನೆರವಾಗಲು ನಮ್ಮೂರು ಶಿಕಾರಿಪುರದಲ್ಲಿ ಒಂದು ಪುಟ್ಟ ಕೇಂದ್ರವಿತ್ತು. ಒಂದು ಕೋಣೆ, ಎರಡು ಕುರ್ಚಿ, ಒಂದು ಬೆಂಚು, ಗೋದ್ರೆಜ್ ಬೀರು. ಅವರು ಅಲ್ಲಿ ಆಪ್ತಸಮಾಲೋಚಕಿ. ಅದು ಬೋರ್ಡಿನ ಮೇಲಿನ ಮಾತು. ಜನ ಕರೆಯುತ್ತಿದ್ದುದು ‘ಹೆಂಗಸರ ಆಫೀಸಿನ ಮೇಡಂ’ ಎಂದು. ಅವರ ಹುಟ್ಟೂರು ಸೊರಬದ ಕಡೆ, ಹಾಗಾಗಿ ಮಾತಿಗೊಮ್ಮೆ ‘ಎಂತ’, ‘ಎಂತಕ್ಕೆ’. ನಾನು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡವನು. ನಮ್ಮ ಮನೆತನದ್ದು ಬಟ್ಟೆ ವ್ಯಾಪಾರ. ಅದು ಬೇಡವೆಂದು ಅರ್ಜಿ ಬರೆಯಲು ಕೂತೆ. ‘ಸದರಿ’ ಎಲ್ಲಿ ಬರಬೇಕು, ‘ಮೇಲ್ಕಂಡ’ ಎಲ್ಲಿ ಬರಬೇಕು ಎಂದು ನನ್ನಷ್ಟು ಬಲ್ಲವರು ತಾಲ್ಲೂಕಿನಲ್ಲೇ ಇಲ್ಲವೆಂಬ ಜಂಬ ನನಗಿತ್ತು.

ಆ ಜಂಬ ಇಳಿಯಲು ಅವರ ಮೊದಲ ಭೇಟಿಯೇ ಸಾಕಾಯಿತು. ತಲೆಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಒಬ್ಬಾಕೆಯನ್ನು ಕರೆತಂದು ದೂರು ಟೈಪ್ ಮಾಡಿಸುತ್ತಿದ್ದರು. ಆಕೆ ಎರಡು ಮಾತು ಹೇಳುವಷ್ಟರಲ್ಲಿ ನನ್ನ ಬೆರಳು ತಮ್ಮಷ್ಟಕ್ಕೆ ತಾವೇ ಓಡಿ, ‘ಕ್ಷುಲ್ಲಕ ಕಾರಣಕ್ಕಾಗಿ ಜಗಳ ತೆಗೆದು ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಬರೆದುಬಿಟ್ಟಿದ್ದವು. ಮೇಡಂ ಬಗ್ಗಿ ಪರದೆಯ ಮೇಲೆ ಬೆರಳಿಟ್ಟರು.

“ಕ್ಷುಲ್ಲಕ ಅಂದ್ರೆ ಎಂತ ರೀ?”

ಸಣ್ಣದು ಅಂತ ಮೇಡಂ, ಎಲ್ಲ ಕಂಪ್ಲೇಂಟಲ್ಲೂ ಹಾಗೇ ಬರೆಯುವುದು ಎಂದೆ.

“ತಲೆಗೆ ಏಳು ಹೊಲಿಗೆ ಬಿದ್ದಿದೆ. ಕಾರಣ ಎಷ್ಟು ದೊಡ್ಡದಿದ್ದಿದ್ರೆ ನಿಮಗೆ ಸಾಕಾಗ್ತಿತ್ತು?”

ನಾನು ಅಳಿಸಿದೆ. ಅಲ್ಲಿಗೂ ಬಿಡಲಿಲ್ಲ. ಅವಾಚ್ಯ ಶಬ್ದ ಎಂದರೆ ಯಾವ ಶಬ್ದ ಎಂದು ಆಕೆಯಿಂದಲೇ ಹೇಳಿಸಿದರು. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು. ನನ್ನ ಬೆರಳು ಏಳಲಿಲ್ಲ. ಲಿಂಗಪೂಜೆ ಮಾಡಿ ಬಂದು ಕೂತಿದ್ದೇನೆ, ಇಂಥದ್ದನ್ನು ಹೇಗೆ ಟೈಪ್ ಮಾಡಲಿ ಎಂದುಬಿಟ್ಟೆ. ಆಕೆಯೂ ಪೂಜೆ ಮಾಡುವಾಗಲೇ ಅದನ್ನು ಕೇಳಿಸಿಕೊಂಡದ್ದು ಎಂದರು ಮೇಡಂ. ಟೈಪ್ ಮಾಡಿದೆ.

ಅವರು ನೋಡಲು ಅಷ್ಟೇನೂ ಮೃದುವಾದ ಮನುಷ್ಯರಲ್ಲ. ಎತ್ತರದ ಆಳು, ದಪ್ಪ ಕನ್ನಡಕ, ಗಂಡುದನಿ. ಮಿರ್ಚಿ ಮಂಡಕ್ಕಿ ಎಂದರೆ ಪ್ರಾಣ. ತಿನ್ನುವಾಗ ಯಾರಾದರೂ ಮಾತಾಡಿಸಿದರೆ ಸಿಡುಕು. ಹೊಗಳಲು ಬಾರದು. ಅಳುವವರನ್ನು ತಬ್ಬಿಕೊಂಡದ್ದನ್ನು ನಾನು ಕಂಡಿಲ್ಲ. ಅಳಬೇಡ ಎಂದದ್ದನ್ನೂ ಕೇಳಿಲ್ಲ. ‘ಪಾಪ’ ಎಂಬ ಮಾತು ಅವರ ಕೋಣೆಯಲ್ಲಿ ನಿಷಿದ್ಧ. ಒಮ್ಮೆ ನನ್ನ ಬಾಯಿಂದ ಬಂದದ್ದಕ್ಕೆ, ಪಾಪ ಅಂದ್ರೆ ನಿಮ್ಮ ಕೆಲಸ ಮುಗೀತು, ಮನೆಗೆ ಹೋಗಿ ಉಣ್ಣಬಹುದು ಎಂದಿದ್ದರು. ಹೆಂಗಸರು ಬಂದು ಮಾತು ಹೊರಡದೆ ಕೂತರೆ ಮೊರದಲ್ಲಿ ಅವರೆಕಾಯಿ ಸುರಿದು ತಾವೂ ಸುಲಿಯಲು ಕೂರುತ್ತಿದ್ದರು. ಅವರೆಕಾಯಿ ಇಲ್ಲದ ದಿನಗಳಲ್ಲಿ ಬೆಳ್ಳುಳ್ಳಿ. ಅರ್ಧ ಮೊರ ಮುಗಿಯುವಷ್ಟರಲ್ಲಿ ಮಾತು ತಾನಾಗಿ ಬರುತ್ತಿತ್ತು.

ಬೀರುವಿನಲ್ಲಿ ಫೈಲಿಗಿಂತ ಹೆಚ್ಚಾಗಿ ಇದ್ದದ್ದು ಹವಾಯಿ ಚಪ್ಪಲಿ, ಮೂರು ಅಳತೆಯವು. ಜೀವ ಉಳಿಸಿಕೊಂಡು ಓಡಿ ಬರುವವಳು ಚಪ್ಪಲಿ ಮೆಟ್ಟಿಕೊಂಡು ಬರುವುದಿಲ್ಲ ಎನ್ನುವುದು ನನಗೆ ಅದನ್ನು ನೋಡುವವರೆಗೆ ಹೊಳೆದೇ ಇರಲಿಲ್ಲ. ಕುಪ್ಪಗಡ್ಡೆಯ ಕಡೆಯಿಂದಲೋ ಬಳ್ಳಿಗಾವಿಯ ಕಡೆಯಿಂದಲೋ ಯಾರಾದರೂ ಬರುವುದಿದ್ದರೆ ಕಂಡಕ್ಟರಿಗೆ ಫೋನು ಮಾಡಿ, ನನ್ನ ತಂಗಿ ಬರ್ತಿದಾಳೆ, ಸ್ವಲ್ಪ ಬಸ್ಸು ನಿಲ್ಲಿಸಿ ಎನ್ನುತ್ತಿದ್ದರು. ನಿಮಗೆ ಒಟ್ಟು ಎಷ್ಟು ಜನ ತಂಗ್ಯೇರು ಮೇಡಂ ಎಂದು ಒಬ್ಬ ಕಂಡಕ್ಟರು ನನ್ನೆದುರಿಗೇ ಕೇಳಿದ್ದ. ನಮ್ಮಪ್ಪ ಹೇಳದೇ ಹೋದ್ರು ಎಂದು ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟರು.

ಇನ್ನು ಮುಚ್ಚಳಿಕೆಯ ವಿಷಯ. ಗಂಡ ಹೊಡೆದ, ಹೆಂಡತಿ ತವರಿಗೆ ಬಂದಳು ಎಂದರೆ ನಮ್ಮ ಕಡೆ ಎರಡೂ ಕಡೆಯ ಹಿರಿಯರು ಸೇರಿ ಒಂದು ಮುಚ್ಚಳಿಕೆ ಬರೆಸುತ್ತಾರೆ. ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಅವನು, ಇನ್ನು ಮುಂದೆ ಹೊಂದಿಕೊಂಡು ಹೋಗುತ್ತೇನೆ ಎಂದು ಅವಳು ಸಹಿ ಹಾಕಬೇಕು. ಆಮೇಲೆ ಎಲ್ಲರೂ ಚಹಾ ಕುಡಿದು ಅವಳನ್ನು ಬಸ್ಸು ಹತ್ತಿಸುತ್ತಾರೆ. ಇದಕ್ಕೆಂದೇ ನನ್ನ ಕಂಪ್ಯೂಟರಿನಲ್ಲಿ ಒಂದು ನಮೂನೆ ಇತ್ತು. ಹೆಸರು ಬದಲಾಯಿಸಿದರೆ ಮುಗಿಯಿತು. ಒಮ್ಮೆ ಅವಸರದಲ್ಲಿ ಹಳೆಯ ಗಂಡನ ಹೆಸರೇ ಉಳಿದು, ಯಾರದೋ ಹೆಂಡತಿ ಇನ್ಯಾರದೋ ಜೊತೆ ಅನ್ಯೋನ್ಯವಾಗಿ ಬಾಳುವುದಾಗಿ ಒಪ್ಪಿಕೊಂಡಿದ್ದಳು. ಅದನ್ನು ಹೇಳಿಕೊಂಡು ನಾವು ಅಂಗಡಿಯವರು ಎಷ್ಟೋ ದಿನ ನಕ್ಕಿದ್ದೆವು.

ಮೇಡಂ ಮುಚ್ಚಳಿಕೆಯನ್ನು ನಿಲ್ಲಿಸಲು ಹೋಗಲಿಲ್ಲ. ಹೋದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಒಂದು ಸಾಲು ಸೇರಿಸಲೇಬೇಕೆಂದು ಪಟ್ಟು ಹಿಡಿದರು. ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎನ್ನುವುದಕ್ಕೆ ಮೊದಲು ‘ಇಲ್ಲಿಯವರೆಗೆ ಹೊಡೆದಿರುತ್ತೇನೆ’ ಎಂದು ಬರಬೇಕು, ಎಷ್ಟು ಸಲ, ಯಾವುದರಿಂದ ಎನ್ನುವುದೂ ಬರಬೇಕು. ಎಂಥೆಂಥ ಮೀಸೆಯ ಗಂಡಸರೂ ಆ ಸಾಲಿಗೆ ಬಂದು ಮುಗ್ಗರಿಸುತ್ತಿದ್ದರು. ಮುಂದೆ ಹೊಡೆಯುವುದಿಲ್ಲ ಎಂದು ಹತ್ತು ಸಲ ಆಣೆ ಮಾಡಲು ತಯಾರು, ಹಿಂದೆ ಹೊಡೆದದ್ದನ್ನು ಒಮ್ಮೆ ಬರೆಯಲು ಆಗದು. ನಾನು ಆ ಸಾಲನ್ನು ನಮೂನೆಗೆ ಸೇರಿಸಿಟ್ಟುಕೊಂಡೆ.

ಮೇಡಂ ಬೇರೆ ಕೇಸಿನ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದ ಒಂದು ಹಗಲು, ನನ್ನ ಸೋದರಮಾವ ಐದಾರು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. ಮಾವ ಅಂದರೆ ಪೇಟೆಯಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಮನುಷ್ಯ. ನನಗೆ ಅಂಗಡಿಯ ಜಾಗ ಕೊಡಿಸಿದವರೂ ಅವರೇ. ಬಳ್ಳಿಗಾವಿಯ ಹತ್ತಿರದ ಹುಡುಗಿ, ಸೊರಬದ ಕಡೆ ಕೊಟ್ಟದ್ದು, ಗಂಡ ಕೈಮಾಡಿದನೆಂದು ಮೂರನೇ ಸಲ ತವರಿಗೆ ಬಂದಿದ್ದಾಳೆ, ಎರಡೂ ಕಡೆಯವರು ಒಪ್ಪಿದ್ದಾರೆ ಎಂದು ವಿವರಿಸಿದರು. ಆ ಮೇಡಂ ಬಂದರೆ ಗಂಟು ಬಿಗಿಯಾಗುತ್ತದೆ, ಅವರು ಬರುವುದರೊಳಗೆ ಮುಗಿಸು ಎಂದರು. ‘ಇಲ್ಲಿಯವರೆಗೆ ಹೊಡೆದಿರುತ್ತೇನೆ’ ಎಂಬ ಸಾಲು ಓದಿ, ಇದೇನು, ಗಂಡಸು ಇದಕ್ಕೆ ಸಹಿ ಹಾಕಿ ಊರಲ್ಲಿ ಹೇಗೆ ತಿರುಗಬೇಕು ಎಂದರು. ನಾನು ತೆಗೆದೆ. ಅಲ್ಲಿ ‘ಸಣ್ಣಪುಟ್ಟ ಮನಸ್ತಾಪಗಳಿದ್ದು, ಹಿರಿಯರ ಸಮಕ್ಷಮ ಬಗೆಹರಿದಿರುತ್ತದೆ’ ಎಂದು ಹಾಕಿದೆ.

ಹುಡುಗಿ ಜೆರಾಕ್ಸ್ ಮಷೀನಿನ ಪಕ್ಕ ನಿಂತಿದ್ದಳು. ನಾಲ್ಕು ಜನರೆದುರು ಕೇಳಿದ ಹಾಗೂ ಆಗಲಿ ಎಂದು ಮಾವ, ನಿಂದೇನಾರ ಸೇರ್ಸೋದು ಐತೇನವ್ವಾ ಎಂದರು.

“ಕತ್ತಿ ಮನ್ಯಾಗೆ ಇಡಬಾರ್ದು ಅಂತ ಬರೀರಿ” ಎಂದಳು.

ಸೊರಬದ ಕಡೆ ಕತ್ತಿ ಎಂದರೆ ಸೊಪ್ಪು, ಸೌದೆ ಕಡಿಯುವ ಬಾಗಿದ ಕತ್ತಿ. ಅದಿಲ್ಲದ ಮನೆಯಿಲ್ಲ, ಗಂಡಸರು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಕತ್ತಿ ಇಲ್ದೆ ಸೊಪ್ಪು ಏನು ಹಲ್ಲಾಗೆ ಕಡಿತಾನೇನವ್ವ ನಿನ್ನ ಗಂಡ ಎಂದರು ಮಾವ. ಎಲ್ಲರೂ ಗೊಳ್ಳೆಂದು ನಕ್ಕರು. ಗಂಡನೂ ನಕ್ಕ. ನಾನೂ ನಕ್ಕು ಪ್ರಿಂಟ್ ಕೊಟ್ಟೆ.

ಮೂರನೇ ವಾರ ಸುದ್ದಿ ಬಂತು. ಮನೆಯ ಹಿತ್ತಿಲಲ್ಲಿ, ಬೆಳಗಿನ ಹೊತ್ತು, ಅದೇ ಕತ್ತಿಯಲ್ಲಿ. ಕುತ್ತಿಗೆಗೆ ಒಂದು, ಅಡ್ಡ ಹಿಡಿದ ಎಡಗೈಗೆ ಎರಡು. ನೆರೆಯವರು ಓಡಿ ಬಂದದ್ದರಿಂದ ಜೀವ ಉಳಿಯಿತು. ಹೇಳಿದವರು ಹೋದ ಮೇಲೆ ನಾನು ಕಂಪ್ಯೂಟರಿನಲ್ಲಿ ಆ ಮುಚ್ಚಳಿಕೆ ತೆರೆದೆ. ಎರಡು ಪುಟದಲ್ಲಿ ಎಲ್ಲೂ ಕತ್ತಿ ಎಂಬ ಪದವಿಲ್ಲ. ಕಾಗುಣಿತದ ತಪ್ಪು ಕೂಡ ಇರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತೆ.

ಮೇಡಂ ನಾಲ್ಕು ದಿನ ಆಸ್ಪತ್ರೆ ಬಿಟ್ಟು ಬರಲಿಲ್ಲ. ಐದನೆಯ ದಿನ ಅಂಗಡಿಯೆದುರು ನಿಂತು, ನಡೀರಿ, ಶಿವಮೊಗ್ಗಕ್ಕೆ ಎಂದರು. ಬಸ್ಸಿನಲ್ಲಿ ವಿಷಯ ಹೇಳಿದರು. ಹುಡುಗಿ ಗಂಜಿ ಕೂಡ ಕುಡಿಯುತ್ತಿಲ್ಲ. ನೋಡಲು ಬಂದವರೆಲ್ಲ, ಇಂಥವನು ಅಂತ ಮೊದಲೇ ಹೇಳಬೇಕಿತ್ತಲ್ಲ, ಸಹಿ ಯಾಕೆ ಹಾಕಿದೆ ಎನ್ನುತ್ತಿದ್ದಾರೆ. ಹಿರಿಯರು ಅವಳು ಏನೂ ಹೇಳಲಿಲ್ಲ ಎನ್ನುತ್ತಿದ್ದಾರೆ. ಹೇಳಿದ್ದೆ ಅಂತ ನನಗೆ ಅನ್ನಿಸುತ್ತದೆ, ಇಲ್ಲವೇನೋ ಅಂತಲೂ ಅನ್ನಿಸುತ್ತದೆ, ತಪ್ಪು ನನ್ನದೇ ಎಂದು ಅವಳು ಗೋಡೆ ನೋಡುತ್ತಾ ಮಲಗಿದ್ದಾಳೆ. “ಹೇಳಿದ್ಲಾ ಇಲ್ವಾ ರೀ?” ಎಂದು ನನ್ನನ್ನು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ, ನಕ್ಕದ್ದನ್ನೂ ಸೇರಿಸಿ. ಅವರು ಬೈಯುತ್ತಾರೆಂದು ಕಾದೆ. ಆಕೆಯ ಎದುರು ಇಷ್ಟನ್ನೇ ಹೇಳಿ, ಸಾಕು ಎಂದರು.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಸೇಬನ್ನು ಹಲ್ಲಿನಲ್ಲಿ ಕಚ್ಚಿ ತಿನ್ನುತ್ತಿದ್ದರು. ಮೊದಲ ದಿನವೇ ಮೇಡಂ ಒಂದೊಂದು ಹಾಸಿಗೆಗೂ ಹೋಗಿ, ಹಣ್ಣು ಹೆಚ್ಚುವ ಚಾಕುಗಳನ್ನೆಲ್ಲ ಕೇಳಿ ತೆಗೆದುಕೊಂಡು ನರ್ಸಿನ ಕೈಗೆ ಕೊಟ್ಟಿದ್ದರಂತೆ. ಆ ಹುಡುಗಿ ಕೇಳಿದ್ದನ್ನು ನಡೆಸಿಕೊಟ್ಟವರು ಅವರೊಬ್ಬರೇ. ಆದರೆ ಅವಳ ತಲೆದೆಸೆಯಲ್ಲಿ ನಮ್ಮ ಮಾವ ಹಣ್ಣಿನ ಚೀಲ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಹುಡುಗಿ ಗೋಡೆಯಿಂದ ಈ ಕಡೆ ತಿರುಗಿದಳು.

“ಅಣ್ಣಾ, ನಾನು ಆವತ್ತು ಹೇಳಿದ್ನಾ?”

ಮಾವ ನನ್ನನ್ನೇ ನೋಡುತ್ತಿದ್ದರು. “ಗದ್ಲದಾಗೆ ನಂಗೆ ಸರಿಯಾಗಿ ಕೇಳ್ಸಿಲ್ಲವ್ವ” ಎಂದೆ.

ಆ ಮಾತು ನನ್ನ ಬಾಯಿಂದ ಬಂತೇ ಎಂದು ನನಗೇ ದಿಗ್ಭ್ರಮೆಯಾಯಿತು. ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಮೇಡಂ ನನ್ನನ್ನು ಬಸ್ ನಿಲ್ದಾಣದವರೆಗೆ ಕರೆತಂದು ಶಿಕಾರಿಪುರದ ಬಸ್ಸು ತೋರಿಸಿದರು. “ನೀವು ಕೆಟ್ಟೋರಲ್ಲ ರೀ. ಅದೇ ತೊಂದರೆ ಆಗಿರೋದು” ಎಂದು ತಿರುಗಿ ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಅವರು ನನ್ನ ಅಂಗಡಿ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಎಂದಿನಂತೆ ಬೇರೆ ಬೇರೆ ಹೆಂಗಸರನ್ನು ಕರೆದುಕೊಂಡು ಬಂದರು, ಎಂದಿನಂತೆ ಪರದೆಯ ಮೇಲೆ ಬೆರಳಿಟ್ಟು ತಪ್ಪು ತೆಗೆದರು. ಆ ಹುಡುಗಿಯ ಸುದ್ದಿಯನ್ನು ನಾನೇ ಹೇಡಿಯ ಹಾಗೆ ಕೇಳಿ ತಿಳಿಯಬೇಕಿತ್ತು. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಪರಿಚಯದವರ ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಹಚ್ಚಿದ್ದಾರೆ. ಕತ್ತರಿ ಎದುರಿಗಿದ್ದರೆ ಬೆವರುತ್ತಾಳೆ, ಹಾಗಾಗಿ ದಾರವನ್ನು ಬೇರೆಯವರು ಕತ್ತರಿಸಿ ಕೊಡುತ್ತಾರೆ. ವಾರಕ್ಕೆರಡು ಸಲ ಮೇಡಂ ಹೋಗಿ ಅವಳೆದುರು ಕೂತು ಊಟ ಮಾಡಿಸಿ ಬರುತ್ತಾರೆ.

ವರ್ಷ ಕಳೆದ ಮೇಲೆ ನನಗೆ ಕೋರ್ಟಿನ ಸಮನ್ಸು ಬಂತು. ಗಂಡನ ಕಡೆಯ ವಕೀಲರು ನಾನು ಬರೆದ ಮುಚ್ಚಳಿಕೆಯನ್ನೇ ಮುಂದಿಟ್ಟಿದ್ದರು. ನೋಡಿ, ಇಬ್ಬರ ನಡುವೆ ಇದ್ದದ್ದು ಸಣ್ಣಪುಟ್ಟ ಮನಸ್ತಾಪ, ಆಕೆಯೇ ಸಹಿ ಹಾಕಿದ್ದಾಳೆ, ಹಿಂದೆ ಹೊಡೆತ ಬಡಿತದ ಮಾತೇ ಇಲ್ಲ, ಇದು ಕೈತಪ್ಪಿ ಆದದ್ದು ಎನ್ನುವುದು ಅವರ ವಾದ. ಪತ್ರದ ಕೆಳಗೆ ನನ್ನ ಅಂಗಡಿಯ ಮೊಹರು ಇತ್ತು. ಮಾವ ಮನೆಗೇ ಬಂದು, ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಹೇಳು, ಅಷ್ಟೇ ಎಂದು ಹೋದರು. ಹಿಂದಿನ ದಿನ ಮೇಡಂ ಟೈಪ್ ಮಾಡಿಸಲು ಏನೂ ಇಲ್ಲದೆ ಬಂದು ಕೂತರು. ನಾಳೆ ನಾನು ಏನು ಹೇಳಬೇಕು ಮೇಡಂ ಎಂದು ನಾನೇ ಕೇಳಿದೆ.

“ಸಾಕ್ಷಿಗೆ ಹೇಳಿಕೊಡೋದು ತಪ್ಪು ರೀ. ಕುಡಿಯೋಕೆ ನೀರು ಕೊಡಿ” ಎಂದರು. ಕುಡಿದು ಎದ್ದು ಹೋದರು.

ಕಟಕಟೆ ಹತ್ತಿ ನಿಂತೆ. ಹಿಂದಿನ ಬೆಂಚಿನಲ್ಲಿ ಮಾವ. ಈ ಕಡೆ ಮೇಡಂ, ಅವರ ಪಕ್ಕ ಆ ಹುಡುಗಿ, ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಪ್ರಶ್ನೆ ಕೇಳಲು ಎದ್ದ ಗಂಡನ ಕಡೆಯ ವಕೀಲರು, ಈ ಪತ್ರದಲ್ಲಿರುವ ಮಾತೆಲ್ಲ ಆಕೆ ಹೇಳಿ ಬರೆಸಿದ್ದು ತಾನೇ ಎಂದರು. ಹೌದು ಎಂದರೆ ಮುಗಿಯುತ್ತಿತ್ತು.

“ಒಂದೂ ಅಲ್ಲ ಸ್ವಾಮಿ” ಎಂದೆ. “ಅವೆಲ್ಲ ನನ್ನ ಕಂಪ್ಯೂಟರಿನಾಗೆ ಮೊದ್ಲೇ ಇದ್ದವು. ಆಕಿ ಹೇಳಿದ್ದು ಒಂದೇ ಮಾತು, ಅದನ್ನ ನಾನು ಬರೀಲಿಲ್ಲ.”

ಅದೇನು ಮಾತು ಎಂದು ನ್ಯಾಯಾಧೀಶರು ಕೇಳಿದರು. ಹೇಳಿದೆ. ಯಾಕೆ ಬರೆಯಲಿಲ್ಲ ಎಂದರು.

“ಎಲ್ಲಾರೂ ನಕ್ಕರು. ನಾನೂ ನಕ್ಕೆ.”

ಕೋರ್ಟಿನ ಟೈಪಿಸ್ಟು ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ಮುಂದೆ ಅವನಿಗೆ ಶಿಕ್ಷೆಯಾಯಿತು, ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಮಾವ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದೆಲ್ಲ ಆಮೇಲಿನದು. ಅವತ್ತು ಹೊರಗೆ ಬಂದಾಗ ಮೇಡಂ ಮತ್ತು ಹುಡುಗಿ ಮರದ ಕೆಳಗೆ ನಿಂತಿದ್ದರು. ನಾನು ಮಾಡಿದ್ದು ದೊಡ್ಡ ಕೆಲಸ ಎಂದು ಯಾರಾದರೂ ಅನ್ನುತ್ತಾರೆಂದು ಒಳಗೊಳಗೇ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು.

“ಅಣ್ಣಾ, ಆವತ್ತು ನಾನೂ ನಕ್ಕಿದ್ದೆ. ನೀವೆಲ್ಲ ನಕ್ರಲ್ಲ, ಅದಕ್ಕೆ. ಅದನ್ನೂ ಒಳಗೆ ಹೇಳಿಬಿಡ್ತೀರೇನೋ ಅಂತ ಎದಿ ಡವಡವ ಅಂತಿತ್ತು.”

ಮೇಡಂ ಮುಖ ನೋಡಿದೆ. ಒಂದು ವರ್ಷದಿಂದ ಇದನ್ನೇ ಹೇಳಿಕೊಂಡು ಸರಿಯಾಗಿ ಉಣ್ತಿಲ್ಲ ರೀ, ನಾನೂ ನಕ್ಕೆ, ಹಾಗಾಗಿ ನನ್ನದೇ ತಪ್ಪು ಅಂತ ಎಂದರು ಮೇಡಂ. ಅವರ ಗಂಡುದನಿ ಮೊದಲ ಬಾರಿ ಒಡೆದದ್ದನ್ನು ಕೇಳಿದೆ.

ನನಗೆ ಅವಳು ನಕ್ಕದ್ದು ಗೊತ್ತೇ ಇರಲಿಲ್ಲ. ಹೆಸರು ಕೇಳಿದ್ದೆ, ತಂದೆಯ ಹೆಸರು, ವಯಸ್ಸು, ಊರು ಎಲ್ಲ ಕೇಳಿ ತಪ್ಪಿಲ್ಲದೆ ಬರೆದಿದ್ದೆ. ಅಷ್ಟು ಚಿಕ್ಕ ಅಂಗಡಿಯಲ್ಲಿ ಅವತ್ತು ನಾವು ಏಳು ಜನ ಗಂಡಸರಿದ್ದೆವು. ಅವಳ ಮುಖವನ್ನು ಒಬ್ಬರೂ ನೋಡಿರಲಿಲ್ಲ.